ಒಣ ಕಡ್ಡಿ ಸುಟ್ಟು ಇದ್ದಿಲು ಮಾಡಿದರೆ ಇಂಗಾಲ ನಿಜವಾಗಲೂ ಮಣ್ಣಲ್ಲಿ ಉಳಿಯುತ್ತಾ?

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ಸವರಿದ ಕೊಂಬೆ, ಒಣಗಿದ ದಂಟು, ಬಿದಿರಿನ ತುಂಡು ಎಲ್ಲ ಒಂದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಪ್ರತಿ ವರ್ಷ ಅದಕ್ಕೆ ಬೆಂಕಿ ಹಚ್ಚಿ ಬೂದಿ ಮಾಡುತ್ತಿದ್ದೆ. ಈ ಸಲ ಬಯೋಚಾರ್ ಮಾಡೋಣ ಅಂತ ಮನಸ್ಸು ಮಾಡಿದೆ. ಗಿಡ ಗಾಳಿಯಿಂದ ಎಳೆದುಕೊಂಡ ಇಂಗಾಲವನ್ನು ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ ಅದು ನೂರಾರು ವರ್ಷ ಅಲ್ಲೇ ಇರುತ್ತದೆ ಅಂತ ಓದಿದ್ದೆ.

ಮೊಣಕಾಲುದ್ದದ ಗುಂಡಿ ತೋಡಿದೆ, ಬಾಯಿ ಅಗಲ, ತಳ ಕಿರಿದು. 80 ಕಿಲೋ ಕಡ್ಡಿ ತೂಗಿ ಪಕ್ಕಕ್ಕಿಟ್ಟುಕೊಂಡೆ. ಮೊದಲ ಅರ್ಧ ಗಂಟೆ ದಟ್ಟ ಬಿಳಿ ಹೊಗೆ, ಕಣ್ಣು ಬಿಡೋಕೆ ಆಗಲಿಲ್ಲ. ಆಮೇಲೆ ಉರಿ ಚೆನ್ನಾಗಿ ಹತ್ತಿತು. ಎರಡೂವರೆ ಗಂಟೆ ಆದ ಮೇಲೆ ನೀರು ಸುರಿದು ಆರಿಸಿದೆ. ನೀರು ಬಸಿದು ತೂಗಿದರೆ 34 ಕಿಲೋ ಇದ್ದಿಲು! ತುಂಬಾ ಖುಷಿಯಾಯಿತು.

ಆದರೆ ರಾತ್ರಿ ಮಲಗಿದಾಗ ಆ ಹೊಗೆಯೇ ಕಣ್ಣ ಮುಂದೆ ಬರುತ್ತಿತ್ತು. ಅಷ್ಟು ಹೊಗೆ ಗಾಳಿಗೆ ಬಿಟ್ಟು, ಇಷ್ಟು ಇದ್ದಿಲು ಮಣ್ಣಿಗೆ ಹಾಕಿದರೆ ಕೊನೆಗೆ ಉಳಿಯುವುದೇನು? ಲಾಭವೋ ನಷ್ಟವೋ? ಲೆಕ್ಕ ಗೊತ್ತಿರುವವರು ನೇರವಾಗಿ ಹೇಳಿ, ಬೇಜಾರಿಲ್ಲ.

ಕುಲುಮೆ:
ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹೊಗೆಯೇ ಇಲ್ಲಿ ಮುಖ್ಯ ವಿಷಯ, ಜಾಸ್ತಿ ಜನ ಅದನ್ನು ಬಿಟ್ಟು ಬರೀ ಇದ್ದಿಲಿನ ಬಗ್ಗೆ ಮಾತಾಡುತ್ತಾರೆ.

ಗುಂಡಿಯೊಳಗೆ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಕಡ್ಡಿ ಬಿಸಿಯಾದಾಗ ಮೊದಲು ಅದರ ನೀರು ಆರುತ್ತದೆ. ಆಮೇಲೆ ಕಟ್ಟಿಗೆಯೇ ಒಡೆದು ಅನಿಲ ಹೊರಡುತ್ತದೆ, ಇದರಲ್ಲಿ ಮೀಥೇನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಟಾರಿನ ಆವಿ ಎಲ್ಲ ಇರುತ್ತದೆ. ನಾವು ಕಾಣುವ ಉರಿ ಆ ಅನಿಲ ಉರಿಯುವುದೇ. ಅನಿಲ ಎಲ್ಲ ಹೋದ ಮೇಲೆ ಉಳಿಯುವ ಕರಿ ಅಸ್ಥಿಪಂಜರವೇ ಇದ್ದಿಲು. ಅದಕ್ಕೂ ಗಾಳಿ ಸಿಕ್ಕರೆ ಕೆಂಡವಾಗಿ ಉರಿದು ಬೂದಿಯಾಗುತ್ತದೆ. ಅಂದರೆ ನಮ್ಮ ಕೆಲಸ ಇಷ್ಟೇ: ಅನಿಲ ಪೂರ್ತಿ ಉರಿಯಬೇಕು, ಇದ್ದಿಲು ಉರಿಯಬಾರದು.

ಅಗಲ ಬಾಯಿಯ ಗುಂಡಿಯಲ್ಲಿ ಇದು ಸಾಧ್ಯವಾಗುವುದು ಉರಿಯಿಂದಲೇ. ಮೇಲಿನ ಪದರದ ಉರಿ ಬರುವ ಗಾಳಿಯನ್ನೆಲ್ಲ ತಿಂದುಹಾಕುತ್ತದೆ, ಕೆಳಗಿನ ಇದ್ದಿಲಿಗೆ ಗಾಳಿ ಸಿಗುವುದಿಲ್ಲ. ಉರಿಯೇ ಮುಚ್ಚಳ. ಇದೇ ತತ್ವದ ಮೇಲೆ ಸ್ವಿಟ್ಜರ್‌ಲೆಂಡಿನ ಇಥಾಕಾ ಸಂಸ್ಥೆಯವರು 2014ರಲ್ಲಿ ಕೋನ್-ಟಿಕಿ ಅನ್ನುವ ಲೋಹದ ಶಂಕುವಿನಾಕಾರದ ಕುಲುಮೆ ರೂಪಿಸಿದರು. ಅದರ ವಿನ್ಯಾಸ ಯಾರು ಬೇಕಾದರೂ ಬಳಸಬಹುದು. ಮಣ್ಣಲ್ಲಿ ತೋಡಿದ ಗುಂಡಿಯೂ ಅದೇ ಕೆಲಸ ಮಾಡುತ್ತದೆ.

ನಿಮ್ಮ ಬಿಳಿ ಹೊಗೆಗೆ ಎರಡೇ ಕಾರಣ ಇರಬೇಕು. ಒಂದೋ ಕಡ್ಡಿ ಹಸಿ, ಇಲ್ಲವೇ ನೀವು ಕೆಳಗಿನಿಂದ ಬೆಂಕಿ ಹಚ್ಚಿದ್ದೀರಿ. ಕೆಳಗೆ ಹಚ್ಚಿದರೆ ಬಿಸಿ ಮೇಲೇರುತ್ತಾ ಮೇಲಿನ ಕಡ್ಡಿಯಿಂದ ಅನಿಲ ಹೊರಡಿಸುತ್ತದೆ, ಆದರೆ ಅದನ್ನು ಉರಿಸಲು ಮೇಲೆ ಉರಿ ಇರುವುದಿಲ್ಲ. ಅದು ಹಾಗೇ ಹೊಗೆಯಾಗಿ ಹೋಗುತ್ತದೆ. ಮೇಲಿನಿಂದ ಹಚ್ಚಿ. ರಾಶಿಯ ತಲೆಯ ಮೇಲೆ ಪುರಲೆ, ಒಣ ಹುಲ್ಲು ಇಟ್ಟು ಹಚ್ಚಿದರೆ ಉರಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಕೆಳಗಿನಿಂದ ಬರುವ ಅನಿಲ ಆ ಉರಿಯನ್ನು ದಾಟಿಯೇ ಹೋಗಬೇಕು.

ಆಮೇಲೆ ಮುಂದಿನ ಪದರ ಯಾವಾಗ ಹಾಕಬೇಕು ಅನ್ನುವುದು. ಗಡಿಯಾರ ನೋಡಬೇಡಿ, ಕೆಂಡ ನೋಡಿ. ಮೇಲಿನ ಕಡ್ಡಿಗಳು ಕರಿಯಾಗಿ, ಅಂಚಿನಲ್ಲಿ ಬೂದಿಯ ತೆಳು ಬಿಳಿ ಪೊರೆ ಕಾಣಿಸಲು ಶುರುವಾದ ಕೂಡಲೇ ಇನ್ನೊಂದು ತೆಳ್ಳಗಿನ ಪದರ ಹಾಕಿ. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಒಂದೇ ಸಲ ಜಾಸ್ತಿ ಹಾಕಿದರೆ ಉರಿ ಸತ್ತು ಹೊಗೆ ಏಳುತ್ತದೆ. ಎರಡು ಮೂರು ಸಲ ಮಾಡಿದರೆ ಕೈಗೆ ಹದ ಸಿಗುತ್ತದೆ.

ಲೆಕ್ಕದಪುಸ್ತಕ:
80 ಕಿಲೋಗೆ 34 ಕಿಲೋ ಅಂದಿರಿ. ಅಷ್ಟು ಬರಲು ಸಾಧ್ಯವೇ ಇಲ್ಲ. ಒಳ್ಳೆಯ ಕುಲುಮೆಯಲ್ಲೂ ಒಣ ತೂಕದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಬರುತ್ತದೆ. ನೀವು ತೂಗಿದ್ದರಲ್ಲಿ ನೀರು ಸೇರಿದೆ. ಇದ್ದಿಲಿನ ಒಳಗೆಲ್ಲ ಸಣ್ಣ ಸಣ್ಣ ತೂತು, ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗಬಹುದು. ಮೇಲಿನ ನೀರು ಬಸಿದರೂ ಒಳಗಿನದು ಹೋಗುವುದಿಲ್ಲ.

ಒಂದು ಕೆಲಸ ಮಾಡಿ. ಇದ್ದಿಲಿನ ರಾಶಿಯ ನಾಲ್ಕಾರು ಕಡೆಯಿಂದ ತೆಗೆದು ಸರಿಯಾಗಿ ಒಂದು ಕಿಲೋ ತೂಗಿ. ತಗಡಿನ ಮೇಲೆ ಹರಡಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ತೂಕ ಇಳಿಯುವುದು ನಿಲ್ಲುವ ತನಕ. ಆಮೇಲೆ ಎಷ್ಟಿದೆ ಹೇಳಿ. ಪೂರ್ತಿ ಲೆಕ್ಕ ಬಿಡಿಸಿ ಕೊಡುತ್ತೇನೆ.

ಹೊಸಬ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಯೋಚಾರ್ ಅಂದರೆ ಒಲೆಗೆ ಹಾಕುವ ಇದ್ದಿಲೇ ಅಲ್ವಾ? ಹೆಸರು ಮಾತ್ರ ಬೇರೆಯಾ?

ಕುಲುಮೆ:
ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ಆದರೆ ಒಲೆಗೆ ಹಾಕಿದ ದಿನವೇ ಅದರ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಉರಿಸದೆ ಮಣ್ಣಿಗೋ ಕಾಂಕ್ರೀಟಿಗೋ ಸೇರಿಸಿದರೆ ಮಾತ್ರ ಅದು ಬಯೋಚಾರ್. ಇನ್ನೊಂದು ವ್ಯತ್ಯಾಸ ಶಾಖದ್ದು. ಒಲೆಯ ಇದ್ದಿಲನ್ನು ಸುಲಭವಾಗಿ ಹತ್ತಿಕೊಳ್ಳಲಿ ಅಂತ ಕಡಿಮೆ ಶಾಖದಲ್ಲಿ ಮಾಡುವುದೂ ಉಂಟು, ಆಗ ಅದರಲ್ಲಿ ಟಾರ್ ಉಳಿದಿರುತ್ತದೆ. ಮಣ್ಣಿಗೆ ಹಾಕುವುದಕ್ಕೆ ಚೆನ್ನಾಗಿ ಬೆಂದ ಇದ್ದಿಲು ಬೇಕು.

ಬೆಂದಿದೆಯಾ ಇಲ್ವಾ ಅಂತ ಕೈಯಲ್ಲೇ ತಿಳಿಯಬಹುದು. ಒಂದು ತುಂಡು ಮುರಿಯಿರಿ. ಟಕ್ ಅಂತ ಗಾಜು ಮುರಿದ ಹಾಗೆ ಸದ್ದು ಬಂದು ಮುರಿದ ಮೈ ಹೊಳೆಯಬೇಕು. ಬಾಗಿ ನಾರು ನಾರಾಗಿ ಮುರಿದರೆ ಒಳಗೆ ಇನ್ನೂ ಕಟ್ಟಿಗೆ ಇದೆ. ಅಂಗೈಯಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳೆಯಿರಿ. ಸೋಪಿಲ್ಲದೆ ಹೋದರೆ ಒಳ್ಳೆಯದು. ಜಿಡ್ಡಾಗಿ ಅಂಟಿಕೊಂಡರೆ, ಮೂಸಿದಾಗ ಹೊಗೆ ವಾಸನೆ ಬಂದರೆ, ಟಾರ್ ಇದೆ ಅಂತ ಅರ್ಥ.

ಮಣ್ಣುಹುಳ:
ನನಗೆ ಈ ವಿಚಾರವೇ ಸರಿ ಕಾಣುವುದಿಲ್ಲ, ಬಿಚ್ಚಿ ಹೇಳಿಬಿಡುತ್ತೇನೆ. ಕಡ್ಡಿ, ಹುಲ್ಲು, ಎಲೆಯನ್ನು ಕಸ ಅಂತ ಕರೆದವರು ಯಾರು? ಮಣ್ಣಿನೊಳಗಿನ ಹುಳ, ಶಿಲೀಂಧ್ರ, ಸೂಕ್ಷ್ಮಜೀವಿ ಎಲ್ಲಕ್ಕೂ ಅದೇ ಊಟ. ಅದನ್ನೆಲ್ಲ ಬಾಚಿ ಸುಟ್ಟು, ತಿನ್ನೋಕೆ ಆಗದ ಇದ್ದಿಲನ್ನು ವಾಪಸ್ ಕೊಟ್ಟರೆ ಮಣ್ಣು ಹೇಗೆ ಬದುಕಬೇಕು? ಸುಟ್ಟಾಗ ಸಾರಜನಕದ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ, ಗಂಧಕವೂ ಹೋಗುತ್ತದೆ. ಪೊಟ್ಯಾಶ್, ರಂಜಕ ಉಳಿಯುತ್ತದೆ ಅನ್ನುವುದು ಒಪ್ಪುತ್ತೇನೆ. ಆದರೆ ಹೊದಿಕೆ ಹೋಯಿತಲ್ಲ? ಬರಿ ಮೈಯ ನೆಲದ ಮೇಲೆ ಮಳೆ ಹನಿ ಬಿದ್ದರೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು.

ಹೊದಿಕೆ ಹಾಕಿ, ಕಾಂಪೋಸ್ಟ್ ಮಾಡಿ. ಅಷ್ಟು ಸಾಕು ಅನ್ನುವುದು ನನ್ನ ಮಾತು.

ಲೆಕ್ಕದಪುಸ್ತಕ:
ಮಣ್ಣುಹುಳ ಅವರೇ, ನಿಮ್ಮ ಮಾತಿನ ಮುಕ್ಕಾಲು ಭಾಗ ನಾನೂ ಒಪ್ಪುತ್ತೇನೆ. ಎಲೆ, ಮೆತ್ತನೆ ಹುಲ್ಲು, ಹಸಿ ಸೊಪ್ಪು ಯಾವುದನ್ನೂ ಸುಡಬಾರದು. ಅದು ಮಣ್ಣಿನ ಪಾಲು. ಆದರೆ ಕಾಂಪೋಸ್ಟಿನಿಂದ ಇಂಗಾಲ ಉಳಿಸುತ್ತೇವೆ ಅಂದರೆ ಅದು ಪೂರ್ತಿ ನಿಜವಲ್ಲ. ಸೂಕ್ಷ್ಮಜೀವಿಗಳು ತಿಂದು ಉಸಿರಾಡುವಾಗ ಬಹುಪಾಲು ಇಂಗಾಲ ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. ಅದು ತಪ್ಪಲ್ಲ, ಮಣ್ಣು ಬದುಕುವುದೇ ಹಾಗೆ. ಕಾಂಪೋಸ್ಟ್ ಊಟ, ಬಯೋಚಾರ್ ಮನೆ. ಊಟದ ಬದಲು ಮನೆ ಕೊಡುತ್ತೇನೆ ಅನ್ನುವುದು ಎಷ್ಟು ತಪ್ಪೋ, ಊಟವೇ ಶಾಶ್ವತವಾಗಿ ಉಳಿಯುತ್ತದೆ ಅನ್ನುವುದೂ ಅಷ್ಟೇ ತಪ್ಪು.

ಯಾವುದನ್ನು ಇದ್ದಿಲು ಮಾಡಬೇಕು ಅನ್ನುವುದಕ್ಕೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನಾನು ಮುಟ್ಟದಿದ್ದರೆ ಇದರ ಗತಿ ಏನಾಗುತ್ತಿತ್ತು? ಬಯಲಲ್ಲಿ ಬೆಂಕಿ ಹಚ್ಚುತ್ತಿದ್ದರಾ? ಹಾಗಾದರೆ ಇದ್ದಿಲು ಮಾಡುವುದು ಖಂಡಿತ ಮೇಲು, ಹೇಗೂ ಹೊಗೆ ಬರುತ್ತಿತ್ತು, ಈಗ ಹೊಗೆ ಕಮ್ಮಿಯಾಗಿ ಇದ್ದಿಲೂ ಸಿಗುತ್ತದೆ. ರಾಶಿ ಬಿದ್ದು ನೀರು ನಿಂತು ಕೊಳೆಯುತ್ತಿತ್ತಾ? ಆಗಲೂ ಮೇಲು. ಹೊದಿಕೆಯಾಗಿ ನೆಲ ಕಾಯುತ್ತಿತ್ತಾ? ಬಿಟ್ಟುಬಿಡಿ. ಮರ ಕಡಿದು ತರಬೇಕಾ? ಆ ಕಡೆ ತಲೆ ಹಾಕಲೇಬೇಡಿ. ನಿಂತ ಮರ ಹಿಡಿದಿಟ್ಟ ಇಂಗಾಲದ ಅರ್ಧಕ್ಕಿಂತ ಜಾಸ್ತಿ ಸುಡುವಾಗಲೇ ಗಾಳಿಗೆ ಹೋಗುತ್ತದೆ.

ಮಣ್ಣುಹುಳ:
ಈ ಪ್ರಶ್ನೆ ಇಟ್ಟುಕೊಂಡು ಮಾಡುವುದಾದರೆ ನನ್ನ ತಕರಾರು ಅರ್ಧ ಕಮ್ಮಿಯಾಯಿತು. ಇನ್ನರ್ಧ ಹಾಗೇ ಇದೆ. ಮಾಡುವವರಲ್ಲಿ ಎಷ್ಟು ಜನ ಇದನ್ನು ಕೇಳಿಕೊಳ್ಳುತ್ತಾರೆ? ಇದ್ದಿಲಿಗೆ ದುಡ್ಡು ಬರುತ್ತದೆ ಅಂತ ಗೊತ್ತಾದರೆ ನೆಲದ ಮೇಲೆ ಒಂದು ಎಲೆ ಉಳಿಯುವುದಿಲ್ಲ, ಅದು ನನ್ನ ಭಯ.

ಹಿತ್ತಲಗಿಡ:
ನಾನು ಹೇಗೂ ಬೆಂಕಿ ಹಚ್ಚುತ್ತಿದ್ದ ರಾಶಿಯೇ ಅದು. ಎಲೆ ಉದುರಿಸಿ ಬುಡಗಳಿಗೆ ಹಾಕಿದ್ದೇನೆ, ಬರೀ ಕಡ್ಡಿ ಸುಟ್ಟಿದ್ದು.

ಒಂದು ಕಿಲೋ ಒಣಗಿಸಿ ನೋಡಿದೆ. ನಾಲ್ಕು ದಿನ ಬಿಸಿಲಲ್ಲಿಟ್ಟೆ. ಈಗ 520 ಗ್ರಾಂ! ಹೆಚ್ಚುಕಮ್ಮಿ ಅರ್ಧ ನೀರೇ ಇತ್ತು. ಮತ್ತೆ ಕುಲುಮೆ ಅವರು ಹೇಳಿದ್ದು ಸರಿ, ನಾನು ಕೆಳಗಿನಿಂದಲೇ ಹಚ್ಚಿದ್ದೆ. ಕೆಲವು ಕೊಂಬೆ ಸವರಿ ಹತ್ತು ದಿನವೂ ಆಗಿರಲಿಲ್ಲ. ಕೈ ತೊಳೆಯುವ ಪರೀಕ್ಷೆಯನ್ನೂ ಮಾಡಿದೆ. ಸಣ್ಣ ಕಡ್ಡಿಯ ಇದ್ದಿಲು ನೀರಲ್ಲೇ ಹೋಯಿತು, ದಪ್ಪ ಕೊಂಬೆಯದು ಜಿಡ್ಡಾಗಿ ಅಂಟಿತು. ಮುರಿದರೆ ನಡುವೆ ಕಂದು ಬಣ್ಣದ ತಿರುಳು.

ಲೆಕ್ಕದಪುಸ್ತಕ:
ಸರಿ, ಲೆಕ್ಕ ಹಾಕೋಣ. ನಿಧಾನಕ್ಕೆ ಓದಿ.

34 ಕಿಲೋದಲ್ಲಿ ಶೇ. 52 ಒಣ ಇದ್ದಿಲು, ಅಂದರೆ 17.7 ಕಿಲೋ. ಇದು ತಕ್ಕ ಅಂಕಿ. ಇದರಲ್ಲಿ ಎಲ್ಲವೂ ಇಂಗಾಲವಲ್ಲ, ಬೂದಿಯೂ ಇರುತ್ತದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ 2019ರಲ್ಲಿ ತನ್ನ ಲೆಕ್ಕದ ಮಾರ್ಗಸೂಚಿಗೆ ಮಾಡಿದ ಪರಿಷ್ಕರಣೆಯಲ್ಲಿ ಬಯೋಚಾರಿಗೂ ಒಂದು ವಿಧಾನ ಕೊಟ್ಟಿದೆ. ಅದರ ಪ್ರಕಾರ ಕಟ್ಟಿಗೆಯ ಇದ್ದಿಲಿನಲ್ಲಿ ಶೇ. 77ರಷ್ಟು ಇಂಗಾಲ. ನಿಮ್ಮದು ಸುಮಾರು 13.6 ಕಿಲೋ ಆಯಿತು. ಭತ್ತದ ಹೊಟ್ಟು, ಭತ್ತದ ಹುಲ್ಲಿನ ಇದ್ದಿಲಾಗಿದ್ದರೆ ಬರೀ ಶೇ. 49, ಉಳಿದಿದ್ದರಲ್ಲಿ ಬಹುಪಾಲು ಸಿಲಿಕಾ. ಹಾಗಾಗಿ ಎಲ್ಲ ಇದ್ದಿಲಿಗೂ ಒಂದೇ ಲೆಕ್ಕ ಹಾಕಬಾರದು.

ಮುಂದೆ, 100 ವರ್ಷ ಆದ ಮೇಲೆ ಎಷ್ಟು ಉಳಿದಿರುತ್ತದೆ? ಅದು ಎಷ್ಟು ಶಾಖದಲ್ಲಿ ಬೆಂದಿದೆ ಅನ್ನುವುದರ ಮೇಲೆ ನಿಂತಿದೆ. ಅದೇ ವಿಧಾನದಲ್ಲಿ 350ರಿಂದ 450 ಡಿಗ್ರಿ ಸೆಲ್ಸಿಯಸ್ ಆದರೆ ಶೇ. 65, 450ರಿಂದ 600 ಆದರೆ ಶೇ. 80, 600 ದಾಟಿದರೆ ಶೇ. 89 ಅಂತ ಹಿಡಿಯುತ್ತಾರೆ. ಶಾಖ ಏರಿದ ಹಾಗೆಲ್ಲ ಇಂಗಾಲದ ಪರಮಾಣುಗಳು ಉಂಗುರ ಉಂಗುರವಾಗಿ ಒಂದಕ್ಕೊಂದು ಬೆಸೆದುಕೊಂಡು ಹಾಳೆಯ ಹಾಗೆ ಆಗುತ್ತವೆ, ಸೂಕ್ಷ್ಮಜೀವಿಗಳಿಗೆ ಅದನ್ನು ಬಿಚ್ಚುವುದು ತುಂಬಾ ಕಷ್ಟ. ಪ್ರಯೋಗಾಲಯದಲ್ಲಿ ಹೈಡ್ರೋಜನ್ ಮತ್ತು ಇಂಗಾಲದ ಪರಮಾಣುಗಳ ಅನುಪಾತ ನೋಡುವುದು ಇದಕ್ಕೇ. 0.7ಕ್ಕಿಂತ ಜಾಸ್ತಿ ಇದ್ದರೆ ಅದು ಸರಿಯಾಗಿ ಬೆಂದ ಬಯೋಚಾರ್ ಅಲ್ಲ. 0.4ಕ್ಕಿಂತ ಕಮ್ಮಿ ಇದ್ದರೆ ತುಂಬಾ ಗಟ್ಟಿ.

ನಿಮ್ಮಲ್ಲಿ ಕಂದು ತಿರುಳು ಇದೆ, ಶಾಖವನ್ನೂ ಅಳೆದಿಲ್ಲ, ಅದಕ್ಕೆ ನಡುವಿನ ಶೇ. 80 ಹಿಡಿಯುತ್ತೇನೆ. 10.9 ಕಿಲೋ ಇಂಗಾಲ. ಒಂದು ಕಿಲೋ ಇಂಗಾಲ ಗಾಳಿಯಲ್ಲಿದ್ದರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ 40 ಕಿಲೋ.

ಈಗ ಕಳೆಯುವ ಭಾಗ. ಹೀಗೆ ಬಾಯಿ ತೆರೆದ ಕುಲುಮೆಗಳ ಹೊಗೆಯನ್ನು ಅಳೆದಾಗ ಒಂದು ಕಿಲೋ ಇದ್ದಿಲಿಗೆ ಸರಾಸರಿ 30 ಗ್ರಾಂ ಆಸುಪಾಸು ಮೀಥೇನ್ ಸಿಕ್ಕಿದೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಭಾರಿ ವ್ಯತ್ಯಾಸದೊಂದಿಗೆ. 17.7 ಕಿಲೋಗೆ ಸುಮಾರು 530 ಗ್ರಾಂ ಆಯಿತು. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಿಸಿ ಮಾಡುತ್ತದೆ. ಅಂದರೆ 14 ಕಿಲೋ ಕಳೆಯಬೇಕು. ಉಳಿದಿದ್ದು 26 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿಸಿದರೆ ಸುಮಾರು 2.3 ಕಿಲೋ ಬರುತ್ತದೆ, ಹಾಗಾಗಿ ನಿಮ್ಮ ಒಂದು ದಿನದ ದುಡಿಮೆ ಸುಮಾರು 11 ಲೀಟರ್ ಪೆಟ್ರೋಲಿಗೆ ಸಮ.

ಆದರೆ 20 ವರ್ಷದ ಲೆಕ್ಕ ಹಾಕಿದರೆ? ಆಗ ಮೀಥೇನ್ ಸುಮಾರು 80 ಪಟ್ಟು. 530 ಗ್ರಾಂಗೆ 42 ಕಿಲೋ. ನೀವು ಉಳಿಸಿದ 40 ಕಿಲೋ ಪೂರ್ತಿ ಕೊಚ್ಚಿಕೊಂಡು ಹೋಯಿತು. ಮೀಥೇನ್ ಹತ್ತು ಹನ್ನೆರಡು ವರ್ಷದಲ್ಲಿ ಗಾಳಿಯಿಂದ ಕರಗುತ್ತದೆ, ಇದ್ದಿಲು ಉಳಿಯುತ್ತದೆ, ನಿಜ. ಆದರೂ ಮುಂದಿನ 20 ವರ್ಷವೇ ನಮಗೆ ತುಂಬಾ ಮುಖ್ಯ ಅನ್ನುವವರು ಈ ಅಂಕಿಯನ್ನು ಮರೆಯಬಾರದು. ಮತ್ತೆ ನಿಮ್ಮ ಅರ್ಧ ಗಂಟೆಯ ಬಿಳಿ ಹೊಗೆ ನೋಡಿದರೆ 30 ಗ್ರಾಂಗಿಂತ ಜಾಸ್ತಿಯೇ ಹೋಗಿರಬಹುದು.

ಬಯಲಲ್ಲಿ ಸುಟ್ಟಿದ್ದರೂ ಮೀಥೇನ್ ಬರುತ್ತಿತ್ತು ಅನ್ನುವುದು ನಿಮ್ಮ ಪರವಾಗಿದೆ. ಆದರೂ ನಾನು ಹೇಳುವುದು ಒಂದೇ: ಇದ್ದಿಲು ಜಾಸ್ತಿ ಮಾಡುವ ಆಸೆ ಬಿಡಿ, ಹೊಗೆ ಕಮ್ಮಿ ಮಾಡಿ. 5 ಕಿಲೋ ಇದ್ದಿಲು ಕಮ್ಮಿ ಬಂದರೂ ಪರವಾಗಿಲ್ಲ.

ಹಿತ್ತಲಗಿಡ:
ಇದನ್ನು ಎರಡು ಸಲ ಓದಿದೆ. ಇಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಆ 42 ಕಿಲೋ ನೋಡಿ ಹೊಟ್ಟೆ ತೊಳೆಸಿದ ಹಾಗಾಯಿತು. ಮುಂದಿನ ಸಲ ಒಣಗಿಸದೆ ಕಡ್ಡಿ ಮುಟ್ಟುವುದಿಲ್ಲ.

ಬಾವಿಕಟ್ಟೆ:
ನಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಪೆಟ್ಟು ತಿಂದು ಕಲಿತ ಎರಡು ವಿಷಯ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಮೊದಲನೆಯದು, ಬೆಂಕಿ. ಒಂದು ಸಂಜೆ ಇದ್ದಿಲಿನ ಮೇಲೆ ನೀರು ಚಿಮುಕಿಸಿ, ಹೊಗೆ ನಿಂತಿತು ಅಂತ ಗೋಣಿಚೀಲಕ್ಕೆ ತುಂಬಿ ಶೆಡ್ಡಿನಲ್ಲಿಟ್ಟೆ. ಬೆಳಗ್ಗೆ ಬಾಗಿಲು ತೆಗೆದರೆ ಚೀಲದ ತಳ ಇಲ್ಲ, ನೆಲದ ಮೇಲೆ ಕೆಂಡದ ಗುಡ್ಡೆ. ಪಕ್ಕದಲ್ಲಿದ್ದ ಮರದ ಏಣಿಯ ಒಂದು ಕಾಲು ಅರ್ಧ ಸುಟ್ಟಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಶೆಡ್ಡೇ ಹೋಗುತ್ತಿತ್ತು. ಹೊರಗೆ ತಣ್ಣಗಿದ್ದರೂ ದಪ್ಪ ತುಂಡಿನ ಒಳಗೆ ಕೆಂಡ ಇರುತ್ತದೆ, ಜೊತೆಗೆ ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ತಾನಾಗೇ ಬಿಸಿಯಾಗುತ್ತದೆ. ಈಗ ನಾನು ಗುಂಡಿ ಪೂರ್ತಿ ಮುಳುಗುವಷ್ಟು ನೀರು ಬಿಡುತ್ತೇನೆ, ಕೋಲಿನಲ್ಲಿ ಕಲಕುತ್ತೇನೆ, ಒಂದು ರಾತ್ರಿ ಬಯಲಲ್ಲೇ ಬಿಡುತ್ತೇನೆ. ನೀರು ಬಿಡುವಾಗ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಗಾಳಿ ಬರುವ ಕಡೆ ನಿಂತುಕೊಳ್ಳಿ. ಮುಚ್ಚಿದ ಜಾಗದಲ್ಲಿ ಇದನ್ನು ಮಾಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ಹೋಗುತ್ತದೆ. ಒಣ ಇದ್ದಿಲು ಪುಡಿ ಮಾಡುವಾಗ ಮಾಸ್ಕ್ ಬೇಕೇ ಬೇಕು. ಭತ್ತದ ಹೊಟ್ಟಿನದಾದರೆ ಇನ್ನೂ ಜಾಸ್ತಿ ಹುಷಾರು, ಅದರ ದೂಳಿನಲ್ಲಿ ಸಿಲಿಕಾ ಇರುತ್ತದೆ. ನಾನು ಯಾವಾಗಲೂ ಒದ್ದೆ ಇದ್ದಾಗಲೇ ಕುಟ್ಟುತ್ತೇನೆ.

ಎರಡನೆಯದು, ಹಸಿದ ಇದ್ದಿಲು. ಮೊದಲ ವರ್ಷ ಹೊಸ ಇದ್ದಿಲನ್ನು ನೇರ ಸಸಿ ಮಡಿಗೆ ಕೈತುಂಬಾ ಬೆರೆಸಿದೆ. ಮೂರನೇ ವಾರಕ್ಕೆ ಸಸಿಗಳು ಹಳದಿ ತಿರುಗಿದವು. ಪಕ್ಕದ ಮಡಿ, ಇದ್ದಿಲು ಹಾಕದ್ದು, ಹಸಿರಾಗಿ ನಿಂತಿತ್ತು. ಆ ತೂತುಗಳೆಲ್ಲ ಖಾಲಿ, ಸುತ್ತಲಿನ ಸಾರಜನಕವನ್ನು ತಾನೇ ಹಿಡಿದುಕೊಂಡುಬಿಡುತ್ತದೆ. ಮೇಲಾಗಿ ಹೊಸ ಇದ್ದಿಲು ಕ್ಷಾರ. ಈಗ ಗಂಜಲ ಮತ್ತು ಸಗಣಿ ಬಗ್ಗಡದಲ್ಲಿ ಎರಡು ವಾರ ನೆನೆಸುತ್ತೇನೆ. ಇಲ್ಲವಾದರೆ ಕಾಂಪೋಸ್ಟ್ ರಾಶಿ ಕಟ್ಟುವಾಗಲೇ ಹತ್ತು ಬುಟ್ಟಿಗೆ ಒಂದು ಬುಟ್ಟಿ ಇದ್ದಿಲು ಸೇರಿಸುತ್ತೇನೆ, ರಾಶಿಯ ವಾಸನೆಯೂ ಕಮ್ಮಿಯಾಗುತ್ತದೆ, ಯಾಕೆಂದರೆ ಹಾರಿಹೋಗುವ ಅಮೋನಿಯಾ ಇದ್ದಿಲಿಗೆ ಅಂಟುತ್ತದೆ. ಊಟ ಮನೆ ಅಂದರಲ್ಲ, ನಾನು ಎರಡನ್ನೂ ಒಟ್ಟಿಗೇ ಕೊಡುತ್ತೇನೆ.

ಮಣ್ಣುಹುಳ:
ಹೀಗೆ ಕಾಂಪೋಸ್ಟಿನ ಜೊತೆ ಹೋಗುವುದಾದರೆ ನನಗೆ ತಕರಾರಿಲ್ಲ. ಇದು ನನಗೆ ಹೊಸ ವಿಷಯ.

ಹೊಸಬ:
ಇದ್ದಿಲು ಹಾಕಿದರೆ ಬೆಳೆ ದುಪ್ಪಟ್ಟು ಬರುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಮೆಜಾನ್ ಕಾಡಿನ ಕಪ್ಪು ಮಣ್ಣು ತೋರಿಸುತ್ತಿದ್ದರು.

ಹಳೆಮಣ್ಣು:
ಅಮೆಜಾನಿನ ಕಪ್ಪು ಮಣ್ಣು ನನ್ನ ಬಹಳ ವರ್ಷದ ಆಸಕ್ತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಪೋರ್ಚುಗೀಸರ ಮಾತಲ್ಲಿ ಅದು ಟೆರ್ರಾ ಪ್ರೆಟಾ, ಅಂದರೆ ಕಪ್ಪು ಮಣ್ಣು. ಸುತ್ತ ಎಲ್ಲ ಹಳದಿ, ಕೆಂಪು ಬಡಕಲು ಮಣ್ಣು. ನಡುವೆ ಅಲ್ಲಲ್ಲಿ ಕಪ್ಪಗೆ ಹುಲುಸಾದ ತೇಪೆ, ಕೆಲವು ಕಡೆ ಒಂದು ಮೀಟರಿಗಿಂತ ಆಳ. ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಅಮೆಜಾನ್ ಮಣ್ಣುಗಳ ಬಗ್ಗೆ ಪುಸ್ತಕ ಬರೆದು ಇದರ ಕಡೆ ವಿಜ್ಞಾನಿಗಳ ಗಮನ ಸೆಳೆದರು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದ ಯೊಹಾನೆಸ್ ಲೇಮನ್ ಮತ್ತಿತರರು ಅದರ ರಾಸಾಯನಿಕ ಗುಣಗಳನ್ನು ಬಿಡಿಸಿ ನೋಡಿದರು. ಯುರೋಪಿಯನ್ನರು ಬರುವ ಮೊದಲೇ ಅಲ್ಲಿ ಬದುಕಿದ್ದ ಮೂಲನಿವಾಸಿಗಳ ಕೈಯಲ್ಲಿ ಆದ ಮಣ್ಣು ಅದು. ಎಷ್ಟೋ ಕಡೆ ಸಾವಿರ, ಎರಡು ಸಾವಿರ ವರ್ಷ ಹಳೆಯದು, ಅದರ ಇದ್ದಿಲು ಈಗಲೂ ಅಲ್ಲೇ ಇದೆ. ಇದ್ದಿಲು ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಆ ವಿಡಿಯೋದವರು ಬಿಟ್ಟ ಮಾತು ಒಂದಿದೆ. ಆ ಮಣ್ಣಲ್ಲಿ ಬರೀ ಇದ್ದಿಲಿಲ್ಲ. ಮೀನಿನ ಮುಳ್ಳು, ಪ್ರಾಣಿಗಳ ಮೂಳೆ, ಮಡಕೆ ಚೂರು, ಅಡುಗೆ ಕಸ, ಮಲ ಎಲ್ಲ ಇದೆ. ತಲೆಮಾರುಗಳ ಕಾಲ ಜನ ಒಂದೇ ಕಡೆ ಬದುಕಿ, ಉಳಿದಿದ್ದನ್ನೆಲ್ಲ ಅಲ್ಲೇ ಮಣ್ಣಿಗೆ ಸೇರಿಸಿದ್ದರಿಂದ ಆದದ್ದು ಅದು. ರಂಜಕ, ಸುಣ್ಣದ ಅಂಶ ಬಂದಿದ್ದೇ ಮೂಳೆಯಿಂದ. ಬಾವಿಕಟ್ಟೆ ಅವರು ಬಗ್ಗಡದಲ್ಲಿ ನೆನೆಸುತ್ತಾರಲ್ಲ, ಅವರೂ ಅದೇ ದಾರಿಯಲ್ಲಿದ್ದಾರೆ.

ಬೆಳೆ ದುಪ್ಪಟ್ಟು ಅನ್ನುವುದನ್ನು ನಂಬಬೇಡಿ. ಜಗತ್ತಿನ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟು ಹಾಕಿ 2017ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ. 25 ಏರಿತ್ತು, ಸಮಶೀತೋಷ್ಣ ವಲಯದಲ್ಲಿ ಸರಾಸರಿ ಏನೂ ಏರಿರಲಿಲ್ಲ. ಉಷ್ಣವಲಯದ ಬಹಳ ಮಣ್ಣು ಹುಳಿ, ಸತ್ವ ಕಮ್ಮಿ. ಕ್ಷಾರದ ಇದ್ದಿಲು ಹುಳಿಯನ್ನು ಕಮ್ಮಿ ಮಾಡುತ್ತದೆ, ಸತ್ವ ಸೋರದಂತೆ ಹಿಡಿಯುತ್ತದೆ. ಈಗಾಗಲೇ ಸುಣ್ಣ ಜಾಸ್ತಿ ಇರುವ, ಪಿಎಚ್ 8ರ ಮೇಲಿರುವ ಮಣ್ಣಿಗೆ ಸುಮ್ನೆ ಇದ್ದಿಲು ಸುರಿದರೆ ಕಬ್ಬಿಣ, ಸತುವಿನ ಕೊರತೆ ಕಾಣಿಸಬಹುದು. ಮೊದಲು ಪಿಎಚ್ ನೋಡಿಕೊಳ್ಳಿ. ಮರಳು ಮಣ್ಣಿನವರಿಗೆ ನೀರು ಹಿಡಿಯುವ ಲಾಭ ಚೆನ್ನಾಗಿ ಕಾಣುತ್ತದೆ, ಜೇಡಿ ಮಣ್ಣಿನಲ್ಲಿ ಅಷ್ಟಿಲ್ಲ.

ಕುಲುಮೆ:
ಬೆಳೆಗೆ ಬೇಡವಾದರೂ ಇದ್ದಿಲಿಗೆ ಜಾಗ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 2017ರಿಂದ ತೋಟಗಳ ಕಡ್ಡಿ ಕಸವನ್ನು ಇದ್ದಿಲು ಮಾಡಿ ರಸ್ತೆ ಬದಿಯ ಮರಗಳ ಬುಡಕ್ಕೆ ಜಲ್ಲಿಯ ಜೊತೆ ಬೆರೆಸಿ ಹಾಕುತ್ತಿದೆ. ಮಾಡುವಾಗ ಬರುವ ಶಾಖ ಮನೆಗಳನ್ನು ಬೆಚ್ಚಗಿಡಲು ಹೋಗುತ್ತದೆ. ನಮ್ಮ ಗುಂಡಿಗಳಲ್ಲಿ ಪೂರ್ತಿ ವ್ಯರ್ಥವಾಗುವುದು ಈ ಶಾಖವೇ, ನನಗೆ ಪ್ರತಿ ಸಲ ಉರಿ ಮುಂದೆ ನಿಂತಾಗಲೂ ಹೊಟ್ಟೆ ಉರಿಯುತ್ತದೆ.

ಏನನ್ನು ಸುಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ: ಬಣ್ಣ ಬಳಿದ ಮರ, ಪ್ಲೈವುಡ್, ಗೆದ್ದಲಿಗೆ ಔಷಧಿ ಹೊಡೆದ ಮರ, ಪ್ಲಾಸ್ಟಿಕ್ ಸೇರಿದ ಕಸ. ಹಳೆಯ ಸಂಸ್ಕರಿಸಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಇವು ಸುಟ್ಟರೆ ನಾಶವಾಗುವುದಿಲ್ಲ, ಆರ್ಸೆನಿಕ್ ಸ್ವಲ್ಪ ಹೊಗೆಯಲ್ಲಿ ಹೋದರೂ ಬಹುಪಾಲು ಇದ್ದಿಲಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ಮಣ್ಣಿಗೆ ಹಾಕಿದ ಇದ್ದಿಲನ್ನು ಮತ್ತೆ ಆರಿಸಿ ತೆಗೆಯೋಕೆ ಆಗುವುದಿಲ್ಲ, ನೆನಪಿರಲಿ.

ಹೊಸಬ:
ಇದರಿಂದ ಕಾರ್ಬನ್ ಕ್ರೆಡಿಟ್ ಮಾರಿ ದುಡ್ಡು ಮಾಡಬಹುದಾ? ಮತ್ತೆ, ಎಲ್ಲರೂ ಮಾಡಿದರೆ ಹವಾಮಾನದ ಸಮಸ್ಯೆ ಮುಗಿಯುತ್ತಾ?

ಲೆಕ್ಕದಪುಸ್ತಕ:
ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. 2010ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಲೆಕ್ಕದಲ್ಲಿ, ಆಹಾರಕ್ಕೆ, ಕಾಡಿಗೆ, ಮಣ್ಣಿಗೆ ಕುತ್ತು ಬಾರದ ಹಾಗೆ ಜಗತ್ತಿನಲ್ಲಿ ಸಿಗುವ ಸಸ್ಯ ತ್ಯಾಜ್ಯ ಬಳಸಿದರೆ ಮನುಷ್ಯರು ಬಿಡುವ ಹಸಿರುಮನೆ ಅನಿಲದ ಹೆಚ್ಚೆಂದರೆ ಶೇ. 12ರಷ್ಟನ್ನು ಸರಿದೂಗಿಸಬಹುದು ಅಂತ ಬಂತು. ಅದು ಗರಿಷ್ಠ, ಅದರಲ್ಲಿ ಇದ್ದಿಲು ಮಾಡುವಾಗ ಸಿಗುವ ಶಕ್ತಿ ಬಳಸಿದ ಲಾಭವೂ ಸೇರಿದೆ. ಚಿಕ್ಕದಲ್ಲ. ಆದರೆ ಉಳಿದ ಶೇ. 88ಕ್ಕೆ ಕಲ್ಲಿದ್ದಲು, ಪೆಟ್ರೋಲ್, ಅನಿಲ ಉರಿಸುವುದನ್ನು ನಿಲ್ಲಿಸದೆ ಬೇರೆ ದಾರಿಯಿಲ್ಲ. ಒಂದು ಕಡೆ ಭೂಮಿಯೊಳಗಿನ ಹಳೆಯ ಇಂಗಾಲ ಅಗೆದು ಉರಿಸುತ್ತಾ, ಇನ್ನೊಂದು ಕಡೆ ಕಡ್ಡಿಯ ಇಂಗಾಲ ಹೂಳುತ್ತಾ ಕೂತರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ.

ಕ್ರೆಡಿಟ್ ವಿಚಾರ. ಕ್ರೆಡಿಟ್ ಅಂದರೆ ನೀವು ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ಪತ್ರ, ಹೊಗೆ ಬಿಡುವ ಕಂಪನಿಗಳು ತಮ್ಮ ಲೆಕ್ಕ ಸರಿದೂಗಿಸಲು ಅದನ್ನು ಕೊಳ್ಳುತ್ತವೆ. ಮಾರುಕಟ್ಟೆ ಇದೆ, ನಿಜ. ಕ್ರೆಡಿಟ್ ಕೊಡುವ ಪ್ಯೂರೋ ಡಾಟ್ ಅರ್ಥ್, ವೆರ್ರಾ ಮುಂತಾದ ಸಂಸ್ಥೆಗಳ ನಿಯಮಗಳಿವೆ. ಯುರೋಪಿನ ಬಯೋಚಾರ್ ಪ್ರಮಾಣಪತ್ರ 2012ರಿಂದಲೇ ಇದೆ. ಆದರೆ ಅಲ್ಲಿ ಕಡ್ಡಿ ಎಲ್ಲಿಂದ ಬಂತು, ಎಷ್ಟು ತೇವ ಇತ್ತು, ಇದ್ದಿಲಿನ ಪ್ರಯೋಗಾಲಯ ಪರೀಕ್ಷೆ ಏನು ಹೇಳಿತು, ಕೊನೆಗೆ ಎಲ್ಲಿಗೆ ಹೋಯಿತು ಅಂತ ಹೆಜ್ಜೆ ಹೆಜ್ಜೆಗೂ ದಾಖಲೆ ಬೇಕು. ಒಬ್ಬರು ಒಂದು ಗುಂಡಿಯಲ್ಲಿ ಮಾಡಿದ್ದನ್ನು ಹಾಗೇ ಮಾರಲು ಆಗುವುದಿಲ್ಲ, ಗುಂಪಾಗಿ ಸೇರಬೇಕು. ಸೇರುವ ಮೊದಲು ಆ ಕಂಪನಿಯವರನ್ನು ಮೀಥೇನ್ ಎಷ್ಟು ಕಳೆಯುತ್ತೀರಿ ಅಂತ ಕೇಳಿ. ನನ್ನನ್ನು ಒಬ್ಬರು ಸಂಪರ್ಕಿಸಿದ್ದರು, ಹಸಿ ತೂಕವನ್ನೇ ಇದ್ದಿಲಿನ ತೂಕ ಅಂತ ಬರೆದುಕೊಳ್ಳಿ ಅಂದರು. ಅಲ್ಲಿಗೇ ಮಾತು ನಿಲ್ಲಿಸಿದೆ. ನೀರನ್ನು ಇಂಗಾಲ ಅಂತ ಮಾರಿದರೆ, ಅದನ್ನು ಕೊಂಡವರು ಅಷ್ಟು ಜಾಸ್ತಿ ಹೊಗೆ ಬಿಡುತ್ತಾರೆ.

ಮಣ್ಣುಹುಳ:
ನನ್ನ ಭಯ ಇದೇ ಆಗಿತ್ತು. ಇದನ್ನು ಬರೆದಿದ್ದು ಒಳ್ಳೆಯದಾಯಿತು.

ಹಿತ್ತಲಗಿಡ:
ಐದು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಕಡ್ಡಿಯನ್ನು ನೆಲಕ್ಕೆ ತಾಗದ ಹಾಗೆ ಎರಡು ತೊಲೆ ಮೇಲೆ ಅಡ್ಡಡ್ಡ ಒಟ್ಟಿ, ಮೇಲೆ ತಗಡು ಮುಚ್ಚಿ ಒಣಗಿಸಿದೆ. ಹೆಬ್ಬೆರಳಿಗಿಂತ ದಪ್ಪ ಇದ್ದುದನ್ನೆಲ್ಲ ಸೀಳಿದೆ. ಬಗ್ಗಿಸಿದರೆ ಟಕ್ ಅಂತ ಮುರಿಯುವುದನ್ನು ಮಾತ್ರ ಗುಂಡಿ ಹತ್ತಿರ ತಂದೆ, ಬಾಗಿದ್ದನ್ನು ವಾಪಸ್ ಒಟ್ಟಿದೆ. ತೂಗಿದಾಗ 60 ಕಿಲೋ.

ಮೇಲಿನಿಂದ ಹಚ್ಚಿದೆ. ಮೊದಲ ಎರಡು ನಿಮಿಷ ಸ್ವಲ್ಪ ಹೊಗೆ, ಆಮೇಲೆ ಬರೀ ಉರಿ. ಉರಿಯ ಮೇಲಿನ ಗಾಳಿ ಬಿಸಿಗೆ ನಡುಗುವುದು ಕಾಣುತ್ತಿತ್ತು ಅಷ್ಟೇ. ಬೂದಿಯ ಬಿಳಿ ಪೊರೆ ಕಂಡಾಗ ಒಂದೊಂದು ತೋಳು ಕಡ್ಡಿ ಹಾಕುತ್ತಾ ಹೋದೆ. ಒಮ್ಮೆ ಅವಸರ ಮಾಡಿ ಎರಡು ತೋಳು ಹಾಕಿದೆ, ತಕ್ಷಣ ಬಿಳಿ ಹೊಗೆ ಎದ್ದಿತು, ಒಣ ಪುರಲೆ ಹಾಕಿದಾಗ ಮತ್ತೆ ಉರಿ ಹಿಡಿಯಿತು. ಗುಂಡಿ ಮುಳುಗುವಷ್ಟು ನೀರು ಬಿಟ್ಟು ಕಲಕಿ, ರಾತ್ರಿ ಅಲ್ಲೇ ಬಿಟ್ಟೆ.

ಒಣ ತೂಕದ ಲೆಕ್ಕದಲ್ಲಿ 13.5 ಕಿಲೋ ಬಂತು. ಹತ್ತು ತುಂಡು ಮುರಿದು ನೋಡಿದೆ, ಎಲ್ಲೂ ಕಂದು ತಿರುಳಿಲ್ಲ. ಕೈಗೆ ಹತ್ತಿದ ಕರಿ ಬರೀ ನೀರಲ್ಲೇ ಹೋಯಿತು. ಹಳೆಯ 17.7 ಕಿಲೋದಲ್ಲಿ ಜಿಡ್ಡಿದ್ದ ದಪ್ಪ ತುಂಡುಗಳನ್ನು ಆರಿಸಿ ಇದೇ ಉರಿಗೆ ಹಾಕಬೇಕು ಅಂದುಕೊಂಡಿದ್ದೆ, ಆದರೆ ಅವು ಇನ್ನೂ ಒದ್ದೆ ಇದ್ದವು, ಮುಂದಿನ ಸಲಕ್ಕೆ ಬಿಟ್ಟೆ.

ಈಗ ಹೊಸದು ಬಗ್ಗಡದ ಡ್ರಮ್ಮಿನಲ್ಲಿ ನೆನೆಯುತ್ತಿದೆ. ಮೊದಲ ದಿನ ಎಲ್ಲ ತೇಲುತ್ತಿತ್ತು, ಇವತ್ತು ಬೆಳಗ್ಗೆ ನೋಡಿದರೆ ಅರ್ಧ ತಳಕ್ಕೆ ಇಳಿದಿದೆ. ಬಾವಿಕಟ್ಟೆ ಅವರೇ, ಪೂರ್ತಿ ಮುಳುಗುವ ತನಕ ಕಾಯಬೇಕಾ, ಎರಡು ವಾರ ಆದರೆ ತೆಗೆದುಬಿಡಬಹುದಾ?

ಬಾವಿಕಟ್ಟೆ:
ಎರಡು ವಾರ ಸಾಕು. ಕೆಲವು ತುಂಡು ಎಷ್ಟು ದಿನ ಇಟ್ಟರೂ ತೇಲುತ್ತವೆ. ತೆಗೆದ ಮೇಲೆ ಬಗ್ಗಡ ಚೆಲ್ಲಬೇಡಿ, ಕಾಂಪೋಸ್ಟಿಗೆ ಸುರಿಯಿರಿ. ಮಣ್ಣಿಗೆ ಹಾಕುವಾಗ ಒದ್ದೆಯಾಗಿಯೇ ಹಾಕಿ ಒಂದು ಗೇಣು ಆಳಕ್ಕೆ ಬೆರೆಸಿ, ಮೇಲೆ ಬಿಟ್ಟರೆ ಒಣಗಿ ಗಾಳಿಗೆ ಹಾರುತ್ತದೆ, ಮಳೆ ನೀರಲ್ಲಿ ತೇಲಿಹೋಗುತ್ತದೆ. ಮತ್ತೆ ಒಂದು ಮಡಿಯನ್ನು ಇದ್ದಿಲು ಹಾಕದೆ ಹಾಗೇ ಬಿಡಿ, ಹೋಲಿಸೋಕೆ ಬೇಕಾಗುತ್ತದೆ.